ನಾಯಕನ ಎಡಗಣ್ಣು

ಬರುವವರು ತನ್ನನ್ನು ನೋಡಲೆಂದೇ ಬರುತ್ತಿದ್ದಾರೆ ಎಂಬುದರಲ್ಲಿ ಮೇಸ್ತ್ರಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಫೋನಿನಲ್ಲಿ ಮಾತಾಡಿದವನು, "ಸಿಡಿಲ ಪಡೆ ಗೊಂಬೆ ಮಾಡ್ತಿದ್ದವರ ಮನೆ ಇದೇ ತಾನೇ?" ಎಂದು ಕೇಳಿದ್ದ. "ಇದೇ, ಇದೇ, ಬನ್ನಿ" ಎಂದು ಮೇಸ್ತ್ರಿ ವಿಳಾಸವನ್ನು ಎರಡೆರಡು ಸಲ ಹೇಳಿದ್ದ.

ಶನಿವಾರ ಬೆಳಗ್ಗೆ ಗಡ್ಡ ಹೆರೆದು, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಹೇಳಬೇಕಾದ್ದನ್ನೆಲ್ಲ ಕನ್ನಡಿಯ ಮುಂದೆ ಒಂದು ಸಲ ಬಾಯಿಪಾಠ ಮಾಡಿಕೊಂಡ. ಮುಂದಿನ ಕೋಣೆಯ ಒಳ್ಳೆಯ ಕುರ್ಚಿಯನ್ನು ಕಿಟಕಿಯ ಬೆಳಕು ತನ್ನ ಮುಖದ ಮೇಲೆ ಬೀಳುವಂತೆ ತಿರುಗಿಸಿದ. ಬಂದವರು ಫೋಟೊ ತೆಗೆದರೂ ತೆಗೆಯಬಹುದು.

"ಇದೇನ್ರೀ, ಚುನಾವಣೆಗೆ ನಿಂತಿದೀರಾ?" ಎಂದು ಹೆಂಡತಿ ಅಡುಗೆಮನೆಯಿಂದ ಕೂಗಿದಳು.

ಹತ್ತೂವರೆಗೆ ಅಣ್ಣ ತಂಗಿ ಇಬ್ಬರು ಬಂದರು. ಅಣ್ಣ ಹಲ್ಲಿನ ಡಾಕ್ಟರು, ಕಿವಿಯ ಮೇಲೆ ನರೆತ ಕೂದಲು. ತಂಗಿ ಪ್ಲಾಸ್ಟಿಕ್ ಕೆಲಸದ ಎಂಜಿನಿಯರು. ಮುಚ್ಚಿಹೋದ ಆಟಿಕೆ ಕಾರ್ಖಾನೆಯ ಹೆಸರು, ಹಕ್ಕು ಎಲ್ಲವನ್ನೂ ಕೊಂಡು ಸಿಡಿಲ ಪಡೆಯನ್ನು ಮತ್ತೆ ಮಾರುಕಟ್ಟೆಗೆ ತರುತ್ತಿದ್ದೇವೆ ಎಂದರು. ಮೇಸ್ತ್ರಿಯ ಎದೆ ಸೆಟೆಯಿತು. ಡಾಕ್ಟರು ಮೆತ್ತನೆಯ ಬಟ್ಟೆಯಿಂದ ಅಂಗೈಯುದ್ದದ ಗೊಂಬೆಯೊಂದನ್ನು ಬಿಚ್ಚಿ ಮೇಜಿನ ಮೇಲೆ ನಿಲ್ಲಿಸಿದ. ಪಡೆಯ ನಾಯಕ! ಮೂಗಿನ ತುದಿ ಸವೆದಿತ್ತು, ಎಡಗೈಯ ಎರಡು ಬೆರಳು ಮುರಿದಿದ್ದವು. ಆದರೂ ನಿಂತ ಭಂಗಿಯಲ್ಲಿ ಏನೂ ಕಡಿಮೆಯಾಗಿರಲಿಲ್ಲ.

"ಇದನ್ನ ಕೆತ್ತಬೇಕಾದ್ರೆ..." ಎಂದು ಮೇಸ್ತ್ರಿ ಶುರುಮಾಡಿದ.

"ಅಮ್ಮ ಇದಾರಾ?" ಎಂದು ಡಾಕ್ಟರು ಕೇಳಿದ.

"ಯಾವ ಅಮ್ಮ?"

"ನಿಮ್ಮ ಮನೆಯವರು. ಬಣ್ಣದ ವಿಭಾಗದಲ್ಲಿ ಇದ್ದರಂತಲ್ಲ?"

ಅವಳು ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. ಡಾಕ್ಟರು ಗೊಂಬೆಯನ್ನು ಮಗುಚಿ ಎಡಪಾದದ ಅಡಿ ತೋರಿಸಿದ. ಅಲ್ಲಿ ಸಾಸಿವೆಗಿಂತ ಚಿಕ್ಕದೊಂದು ಹಸಿರು ಚುಕ್ಕೆ. ಬಣ್ಣ ಹಾಕುವ ಹದಿನೆಂಟು ಹೆಂಗಸರಲ್ಲಿ ಯಾರ ಕೆಲಸ ಯಾವುದೆಂದು ಮೇಲ್ವಿಚಾರಕನಿಗೆ ತಿಳಿಯಲೆಂದು ಒಬ್ಬೊಬ್ಬರಿಗೂ ಒಂದೊಂದು ಬಣ್ಣದ ಚುಕ್ಕೆ ಕೊಟ್ಟಿದ್ದರು.

"ಅಯ್ಯೋ, ಇದು ನಂದೇ!" ಎಂದಳು.

ಡಾಕ್ಟರು ಎದ್ದೇ ನಿಂತ. "ನಿಮ್ಮನ್ನ ಹದಿನಾಲ್ಕು ವರ್ಷದಿಂದ ಹುಡುಕ್ತಿದೀವಿ. ನಮ್ಮಲ್ಲಿ ಎಲ್ಲರೂ ನಿಮ್ಮನ್ನ ಹಸಿರು ಚುಕ್ಕೆ ಅಂತಲೇ ಕರೆಯೋದು. ನೀವು ಬದುಕಿದೀರೋ ಇಲ್ಲವೋ ಅಂತ ಜಗಳ ಆಡಿದವರೂ ಇದಾರೆ."

ಒಳ್ಳೆಯ ಕುರ್ಚಿಯಲ್ಲಿ ಅವಳನ್ನು ಕೂರಿಸಿ ಫೋಟೊ ತೆಗೆದರು. ಕಿಟಕಿಯ ಬೆಳಕು ಅವಳ ಮುಖದ ಮೇಲೆ ಚೆನ್ನಾಗಿ ಬಿದ್ದಿತ್ತು. ಮೇಸ್ತ್ರಿಯ ಮೊಣಕೈ ಫೋಟೊದ ಅಂಚಿನಲ್ಲಿ ಬಂತು. ಆರಿದ ಚಹಾವನ್ನು ಅವನೇ ಒಳಗೆ ಹೋಗಿ ಬಿಸಿ ಮಾಡಿಕೊಂಡು ಬಂದ.

ಸಿಡಿಲ ಪಡೆ ಹೊರಬಂದಿದ್ದು ನಲವತ್ತು ವರ್ಷಗಳ ಹಿಂದೆ. ನಾಯಕ, ಮುಳುಗುಗಾರ್ತಿ, ಬೇಹುಗಾರ, ವೈರ್‌ಲೆಸ್‌ನವನು ಹೀಗೆ ಏಳು ಮಂದಿ. ಕತ್ತು, ಭುಜ, ಮೊಣಕೈ, ಮೊಣಕಾಲು ಎಲ್ಲ ಮಡಿಸಬಹುದಾಗಿತ್ತು. ಎಂಟು ವರ್ಷ ಮಾಡಿದ್ದರು. ಕಾರ್ಖಾನೆ ಮುಚ್ಚಿದ ಮೇಲೆ ಮೇಸ್ತ್ರಿ ಬಕೆಟ್ಟು, ಬಾಚಣಿಗೆಗಳ ಅಚ್ಚು ಮಾಡಿ ನಿವೃತ್ತನಾದ. ಹೆಂಡತಿ ದರ್ಜಿ ಅಂಗಡಿಯೊಂದರಲ್ಲಿ ಗುಂಡಿ ಹೊಲಿದಳು. ಗೊಂಬೆಗಳ ವಿಷಯ ಮನೆಯಲ್ಲಿ ಮಾತಿಗೂ ಬರುತ್ತಿರಲಿಲ್ಲ. ಆದರೆ ಅಂದು ಅವುಗಳ ಜೊತೆ ಆಡಿದ ಮಕ್ಕಳು ಈಗ ಡಾಕ್ಟರು, ಬಸ್ ಚಾಲಕರು, ನರ್ಸುಗಳು ಆಗಿ, ತಮ್ಮ ತಾಯಂದಿರ ಅಟ್ಟಗಳಿಂದ ಅವನ್ನು ಹುಡುಕಿ ತೆಗೆದು, ಒಬ್ಬರಿಗೊಬ್ಬರು ಫೋಟೊ ಕಳಿಸಿಕೊಂಡು, ವರ್ಷಕ್ಕೊಂದು ಸಲ ಯಾವುದೋ ಹಾಲ್‌ನಲ್ಲಿ ಸೇರುತ್ತಿದ್ದರು.

"ಅಂಥಾದ್ದೇನಿದೆ ಇದರಲ್ಲಿ?" ಎಂದು ಅವಳು ನಿಜವಾಗಿಯೂ ಅರ್ಥವಾಗದೆ ಕೇಳಿದಳು.

ಡಾಕ್ಟರು ಸ್ವಲ್ಪ ನಾಚಿಕೊಂಡ. "ಇವನು ನಿಮ್ಮನ್ನ ನೋಡಲ್ಲ, ಗಮನಿಸಿ. ನಿಮ್ಮ ಭುಜದ ಮೇಲಿಂದ ಹಿಂದೆ ನೋಡ್ತಾನೆ. ಚಿಕ್ಕವನಿದ್ದಾಗ ನಾನು ಎಷ್ಟು ಸಲ ತಿರುಗಿ ನೋಡಿದೀನೋ! ಹಿಂದೆ ಯಾರೋ ಬರ್ತಿದಾರೆ, ಆದ್ರೆ ನೀನು ಹೆದರಬೇಡ, ನಾನಿದೀನಿ ಅಂತ ಹೇಳೋ ಹಾಗಿರುತ್ತೆ. ನಮ್ಮ ಮನೇಲಿ ಆಗ ಅಂಥದ್ದೊಂದು ಬೇಕಾಗಿತ್ತು. ಬೇರೆ ಚುಕ್ಕೆಯ ನಾಯಕರಲ್ಲಿ ಆ ನೋಟ ಅಷ್ಟಿಲ್ಲ. ಹಸಿರು ಚುಕ್ಕೆಯವರದ್ದೇ ಬೇರೆ."

ಮೇಸ್ತ್ರಿಗೆ ಕಿವಿಯಲ್ಲಿ ಕಾದ ಎಣ್ಣೆ ಬಿಟ್ಟ ಹಾಗಾಯಿತು. ನೋಟವಂತೆ! ಆ ಹುಬ್ಬು, ಆ ದವಡೆ, ಆ ಕಣ್ಣಿನ ಗುಂಡಿ ಎಲ್ಲ ಇಪ್ಪತ್ತಾರು ದಿನ ಭೂತಗನ್ನಡಿ ಹಿಡಿದು ತಾನು ಕೆತ್ತಿದ್ದು. ಅದರ ಮೇಲೆ ಎರಡು ಚುಕ್ಕೆ ಇಟ್ಟವಳಿಗೆ ಹದಿನಾಲ್ಕು ವರ್ಷ ಹುಡುಕಾಟ!

ಎಂಜಿನಿಯರು ಹೊರಡುವಾಗ ಅವನತ್ತ ತಿರುಗಿದಳು. "ಅಂಕಲ್, ನೀವು ಅಚ್ಚಿನ ವಿಭಾಗದಲ್ಲಿ ಇದ್ದಿರಂತೆ. ಆ ಕಾಲದ ಅಚ್ಚು, ಮಾದರಿ, ಏನಾದ್ರೂ ಉಳಿದಿದೆಯಾ? ಸವೆದ ಗೊಂಬೆ ನೋಡಿ ಮಾಡೋದು ಕಷ್ಟ ಆಗ್ತಿದೆ."

ಉಳಿದಿತ್ತು. ಆಗೆಲ್ಲ ತಲೆಯನ್ನು ಮೊದಲು ತಾಮ್ರದಲ್ಲಿ ಕೆತ್ತಿ, ಅದನ್ನು ಕಿಡಿ ಹಾರಿಸುವ ಯಂತ್ರಕ್ಕೆ ಕಟ್ಟಿ, ಉಕ್ಕಿನ ಅಚ್ಚಿನಲ್ಲಿ ಅದೇ ಆಕಾರದ ಗುಂಡಿ ಸುಡುತ್ತಿದ್ದರು. ಅಚ್ಚುಗಳೆಲ್ಲ ಗುಜರಿಗೆ ಹೋದ ದಿನ ನಾಯಕನ ತಾಮ್ರದ ತಲೆಯೊಂದನ್ನು ಮೇಸ್ತ್ರಿ ಜೇಬಿಗಿಳಿಸಿಕೊಂಡು ಬಂದಿದ್ದ. ದೊಡ್ಡ ಗೋಲಿಯಷ್ಟು ಗಾತ್ರದ್ದು. ಹಿತ್ತಲ ಕೋಣೆಯಲ್ಲಿ ಡ್ರಿಲ್ಲು ಮೊನೆಗಳ ಡಬ್ಬಿಯ ತಳದಲ್ಲಿ, ಹೆಂಡತಿಗೂ ಹೇಳದೆ ಇಟ್ಟಿದ್ದ.

"ಎಲ್ಲ ಗುಜರಿಗೆ ಹೋಯ್ತಮ್ಮ" ಎಂದ.

ಹಾಗೆ ಹೇಳಬೇಕೆಂದು ಮೊದಲೇ ಯೋಚಿಸಿರಲಿಲ್ಲ. ಬಾಯಿ ತಾನೇ ಹೇಳಿತು. ಹೇಳಿದ ಮೇಲೆ ಮಾತ್ರ ಒಂಥರಾ ಹಾಯೆನಿಸಿತು.

ಹೆಂಡತಿ ವಾರಕ್ಕೆ ನಾಲ್ಕು ದಿನ ಹೊಸ ಕಂಪನಿಗೆ ಹೋಗತೊಡಗಿದಳು. ಮೊದಲ ತಲೆಗಳ ಮೇಲೆ ಅವಳು ಕಣ್ಣು ಬರೆಯುವುದು, ಅದನ್ನು ನೋಡಿ ಹೊಸ ಹುಡುಗಿಯರು ಕಲಿಯುವುದು ಎಂದು ಮಾತಾಗಿತ್ತು. ಹೊಸ ಕನ್ನಡಕ ಮಾಡಿಸಿದಳು. ಬೆಳಗ್ಗೆ ಎಂಟಕ್ಕೆ ಟಿಫಿನ್ ಡಬ್ಬಿ ಹಿಡಿದು ಬಸ್ಸಿಗೆ ಹೋಗುವಾಗ ಅವಳ ನಡಿಗೆಯೇ ಬದಲಾಗಿದೆ ಎಂದು ಮೇಸ್ತ್ರಿಗೆ ಅನಿಸಿತು. ಸಂಜೆ ಬಂದು ಅವಳು ಅಲ್ಲಿಯ ಸುದ್ದಿ ಹೇಳಿದರೆ ಅವನು ಉಭ ಶುಭ ಅನ್ನದೆ ಪತ್ರಿಕೆಯೊಳಗೆ ಮುಖ ಹುದುಗಿಸುತ್ತಿದ್ದ. ಪತ್ರಿಕೆಯಲ್ಲೂ ಒಂದು ದಿನ ಅವಳೇ ಬಂದಳು. 'ನೋಟ ಕೊಟ್ಟ ಕೈ' ಎಂದು ತಲೆಬರಹ, ಅದೇ ಒಳ್ಳೆಯ ಕುರ್ಚಿಯ ಫೋಟೊ. ಅವನ ಮೊಣಕೈಯನ್ನು ಕತ್ತರಿಸಿ ಹಾಕಿದ್ದರು.

ಎದುರುಮನೆಯ ನಿವೃತ್ತ ಪೋಸ್ಟ್‌ಮಾಸ್ತರು ಬೀದಿಯಲ್ಲಿ ಹಿಡಿದು ನಿಲ್ಲಿಸಿದ. "ಏನ್ ಮೇಸ್ತ್ರಿ, ನಿಮ್ಮ ಮನೆಯವರು ಇಷ್ಟು ದೊಡ್ಡ ಕಲಾವಿದೆ ಅಂತ ಹೇಳಲೇ ಇಲ್ವಲ್ಲ! ನೀವೂ ಅದೇ ಫ್ಯಾಕ್ಟರೀಲಿ ಏನೋ ಮಾಡ್ತಿದ್ರಿ ಅಲ್ವಾ?"

"ಕಸ ಗುಡಿಸ್ತಿದ್ದೆ" ಎಂದು ಮೇಸ್ತ್ರಿ ಸರಸರ ನಡೆದುಬಿಟ್ಟ.

ಊರೂರಿಂದ ಅವಳಿಗೆ ಪತ್ರಗಳು ಬರತೊಡಗಿದವು. ಅವಳಿಲ್ಲದಾಗ ಒಂದೊಂದನ್ನೂ ಎತ್ತಿ ಓದಿ ಮೊದಲಿದ್ದ ಹಾಗೇ ಇಡುತ್ತಿದ್ದ. ಎಲ್ಲಾದರೂ 'ಕೆತ್ತನೆ' ಎಂಬ ಒಂದು ಮಾತು ಇದೆಯೇ ಎಂದು ಹುಡುಕುತ್ತಿದ್ದ. ಒಂದರಲ್ಲಿತ್ತು. 'ಎಂಥ ಕೆತ್ತನೆ! ಇದನ್ನು ಯಾರು ಮಾಡಿದರೋ ನಿಮಗೆ ಗೊತ್ತೇ?' ಆ ಪತ್ರವನ್ನು ಮಾತ್ರ ಮೂರು ಸಲ ಓದಿದ. ಆಮೇಲೆ ಆ ಪ್ರಶ್ನೆಗೆ ಅವಳು ಏನೆಂದು ಉತ್ತರ ಬರೆದಳೋ ಎಂದು ಎರಡು ದಿನ ಒದ್ದಾಡಿದ.

ಒಂದು ತಿಂಗಳಾದ ಮೇಲೆ ಅವಳು ಅಲ್ಲಿಯ ಸುದ್ದಿ ಹೇಳುವುದು ಕಡಿಮೆಯಾಯಿತು.

"ಹೇಗಿದೆ ಕೆಲಸ?" ಎಂದು ಅವನೇ ಕೇಳಬೇಕಾಯಿತು.

"ತಲೆ ಸರಿ ಬರ್ತಿಲ್ಲ. ನಾಲ್ಕನೇ ಸಲ ಮಾಡಿಸಿದಾರೆ. ಕಣ್ಣು ಕೂರ್ತಾ ಇಲ್ಲ."

"ಅಚ್ಚು ಮಾಡೋದು ಅಂದ್ರೆ ಎರಡು ಚುಕ್ಕೆ ಇಟ್ಟ ಹಾಗಲ್ಲ" ಎಂದ ಮೇಸ್ತ್ರಿ. ಅವಳು ಕನ್ನಡಕ ತೆಗೆದಿಟ್ಟು ಒಳಗೆ ಹೋದಳು. ಅದು ಅವನಿಗೆ ಸಿಹಿ ತಿಂದಷ್ಟು ಹಿತವಾಯಿತು.

ವಿಷಯ ಪೂರ್ತಿ ಗೊತ್ತಾದದ್ದು ಎಂಜಿನಿಯರ ಫೋನಿನಿಂದ. ಹೆಂಡತಿ ಸ್ನಾನಕ್ಕೆ ಹೋಗಿದ್ದಳು, ಮೇಸ್ತ್ರಿ ಎತ್ತಿಕೊಂಡ. "ಅಂಕಲ್, ನೀವೇ ಸ್ವಲ್ಪ ಮೆತ್ತಗೆ ಹೇಳಿ. ಅಮ್ಮ ಎಡಗಣ್ಣಿನ ಗುಂಡಿ ಹೀಗಿರಲಿಲ್ಲ ಅಂತ ಹೇಳ್ತಾನೇ ಇದಾರೆ. ಅವರು ಹೇಳಿದ ಹಾಗೆ ನಾಲ್ಕು ಸಲ ಬದಲಾಯಿಸಿದ್ವಿ. ಒಂದು ಹಳೇ ಗೊಂಬೆಯ ಬಣ್ಣ ತೆಗೆದು ನೋಡೋಣ ಅಂದ್ರೆ ಪ್ಲಾಸ್ಟಿಕ್ಕೇ ಕರಗಿ ಹೋಯ್ತು. ತಪ್ಪು ತಿಳ್ಕೋಬೇಡಿ, ಪಾಪ, ವಯಸ್ಸಾಗಿದೆ, ಕೈ ಮೊದಲಿನ ಹಾಗೆ ಇರಲ್ಲ. ಅವರು ಸುಮ್ಮನೆ ಬಂದು ಕೂತಿದ್ರೂ ನಮಗೆ ಖುಷಿ. ಕಣ್ಣನ್ನ ಯಂತ್ರದಲ್ಲೇ ಅಚ್ಚೊತ್ತಿಸ್ತೀವಿ."

"ಹೇಳ್ತೀನಿ" ಎಂದು ಮೇಸ್ತ್ರಿ ಫೋನಿಟ್ಟ.

ಈ ಸುದ್ದಿಗೆ ತಾನು ಹಿಗ್ಗಬೇಕಾಗಿತ್ತು. ಸ್ವಲ್ಪ ಹಿಗ್ಗಿದ ಕೂಡ. ಆದರೆ ಆ ಹಿಗ್ಗು ಹೆಚ್ಚು ಹೊತ್ತು ಉಳಿಯಲಿಲ್ಲ. ಎಂಜಿನಿಯರು ಹೇಳಿದ್ದನ್ನು ಅವಳಿಗೆ ತಿಳಿಸಲಿಲ್ಲ.

ಮರುದಿನ ಮಧ್ಯಾಹ್ನ ಊಟವಾದ ಮೇಲೆ ಒಂದು ನಿದ್ದೆ ತೆಗೆದು ನೀರು ಕುಡಿಯಲೆಂದು ಅಡುಗೆಮನೆಗೆ ಹೋದ. ಕಿಟಕಿಯ ಕಟ್ಟೆಯ ಮೇಲೆ ಹೆಂಡತಿ ಕಂಪನಿಯಿಂದ ತಂದ ಮೂವತ್ತೋ ನಲವತ್ತೋ ಪುಟಾಣಿ ತಲೆಗಳನ್ನು ಹಲ್ಲುಕಡ್ಡಿಗೆ ಸಿಕ್ಕಿಸಿ ಸಾಲಾಗಿ ನಿಲ್ಲಿಸಿದ್ದಳು. ಕೆಲವು ಮೆಳ್ಳಗಣ್ಣು ಬಿಡುತ್ತಿದ್ದವು, ಕೆಲವು ಬೆಪ್ಪುತಕ್ಕಡಿಗಳ ಹಾಗಿದ್ದವು. ಮೂರೆಳೆ ಕೂದಲಿನ ಕುಂಚವನ್ನು ಹಿಡಿದ ಬಲಗೈಯನ್ನು ಅವಳು ಎಡಗೈಯಿಂದ ಒತ್ತಿ ಹಿಡಿದು ನೋಡುತ್ತಿದ್ದಳು, ಅದು ನಡುಗುತ್ತದೆಯೋ ಇಲ್ಲವೋ ಎಂದು ಪರೀಕ್ಷೆ ಮಾಡುವ ಹಾಗೆ. ಕೈ ನಡುಗುತ್ತಿರಲಿಲ್ಲ. ಕೆನ್ನೆ ಮಾತ್ರ ಒದ್ದೆಯಾಗಿತ್ತು.

"ಯಾಕೆ?" ಎಂದ.

"ಏನಿಲ್ಲ. ನಾಳೆಯಿಂದ ಹೋಗಲ್ಲ ಅಂತ ಹೇಳಿಬಿಡ್ತೀನಿ. ನನ್ನ ಕೈ ಹೋಯ್ತು ಅನ್ಸುತ್ತೆ. ಅಷ್ಟೆಲ್ಲ ಹೊಗಳಿದವರ ಮುಂದೆ ಹೀಗಾಗೋದಕ್ಕಿಂತ ಅವರು ನನ್ನನ್ನ ಹುಡುಕದೆ ಇದ್ದಿದ್ರೇ ಚೆನ್ನಾಗಿತ್ತು."

ಮೇಸ್ತ್ರಿ ನೀರು ಕುಡಿಯದೆ ಹಿತ್ತಲ ಕೋಣೆಗೆ ಹೋದ. ಡ್ರಿಲ್ಲು ಮೊನೆಗಳ ಡಬ್ಬಿಯನ್ನು ನೆಲದ ಮೇಲೆ ಸುರಿದ. ತಾಮ್ರದ ತಲೆ ಕಪ್ಪುಗಟ್ಟಿತ್ತು. ಅಂಗಿಯ ಚುಂಗಿನಿಂದ ತಿಕ್ಕಿ, ತಂದು ಆ ಸಾಲಿನ ಮುಂದೆ ಇಟ್ಟ.

ಅವಳಿಗೆ ಒಂದು ಗಳಿಗೆ ಅರ್ಥವಾಗಲಿಲ್ಲ. ಎತ್ತಿಕೊಂಡು ಬೆಳಕಿಗೆ ಹಿಡಿದು ತಿರುಗಿಸಿದಳು. "ಇದು ಎಲ್ಲಿತ್ತು?"

"ಇಲ್ಲೇ."

"ಎಷ್ಟು ದಿನದಿಂದ?"

"ಫ್ಯಾಕ್ಟರಿ ಮುಚ್ಚಿದಾಗಿನಿಂದ."

"ಅವರು ಕೇಳ್ದಾಗ ಗುಜರಿಗೆ ಹೋಯ್ತು ಅಂದ್ರಿ."

"ಅಂದೆ."

ಅವಳು ಕುಂಚವನ್ನು ಕೆಳಗಿಟ್ಟಳು. ಮೇಸ್ತ್ರಿ ಅವಳ ಮುಖ ಅಷ್ಟು ಬಿಳುಚಿದ್ದನ್ನು ಹಿಂದೆಂದೂ ನೋಡಿರಲಿಲ್ಲ.

"ನಾನು ಮೂರು ವಾರ ಬಸ್ಸಲ್ಲಿ ಕಿಟಕಿ ಕಡೆ ತಿರುಗಿಕೊಂಡು ಅತ್ತಿದೀನಿ, ಗೊತ್ತಾ ನಿಮಗೆ? ಆ ಹುಡುಗಿಯರು ನನ್ನ ನೋಡಿ ಪಾಪ ಅಂತ ಚಹಾ ತಂದು ಕೊಡ್ತಾರೆ. ನೀವು ಇದನ್ನ ಡಬ್ಬೀಲಿ ಇಟ್ಕೊಂಡು ಪೇಪರ್ ಓದ್ತಾ ಕೂತಿದ್ರಿ!"

"ಎಲ್ರೂ ನಿನ್ನನ್ನೇ..." ಎಂದು ಮೇಸ್ತ್ರಿ ಶುರುಮಾಡಿದ.

"ಹಾಗಾದ್ರೆ ಕೇಳಿ. ಇಷ್ಟು ವರ್ಷ ನಾನು ಬಾಯಿ ಬಿಟ್ಟಿರಲಿಲ್ಲ. ಆ ಎಡಗಣ್ಣು ನೀವು ತಪ್ಪು ಕೆತ್ತಿದ್ದು."

"ಏನಂದೆ?"

"ಎಡಗಣ್ಣಿನ ಗುಂಡಿ ಬಲಗಣ್ಣಿಗಿಂತ ಆಳ ಇದೆ, ಒಂದು ಕೂದಲೆಳೆ ಕೆಳಗೂ ಇದೆ. ಮೊದಲ ದಿನ ತಲೆಗಳು ಬಂದಾಗ ಎಲ್ಲವೂ ಮೆಳ್ಳಗಣ್ಣು. ನಾನು ಹೋಗಿ ಹೇಳಿದ್ರೆ ಅಷ್ಟು ದೊಡ್ಡ ಅಚ್ಚನ್ನ ಎಸೀಬೇಕಾಗ್ತಿತ್ತು, ನಿಮ್ಮನ್ನೂ ಮನೆಗೆ ಕಳಿಸ್ತಿದ್ರು. ನೀವು ಆಗಷ್ಟೇ ಮೇಸ್ತ್ರಿ ಆಗಿದ್ರಿ. ನಮ್ಮ ಮೇಜಿನ ಮುಂದೆ ಹೋಗುವಾಗ ತಲೆ ತಗ್ಗಿಸಿಕೊಂಡು ಹೋಗ್ತಿದ್ರಿ. ಪಾಪ ಅನ್ನಿಸ್ತು. ಅದಕ್ಕೆ ಎಡಗಣ್ಣಿನ ಪಾಪೆಯನ್ನ ಒಂಚೂರು ಮೇಲೆ, ಒಂಚೂರು ಒಳಕ್ಕೆ ಇಟ್ಟೆ. ಉಳಿದವರಿಗೂ ಹೇಳಿಕೊಟ್ಟೆ, ಕೆಲವರಿಗೆ ಬಂತು, ಕೆಲವರಿಗೆ ಬರಲಿಲ್ಲ. ಈಗ ಕಂಪನೀಲೂ ಗುಂಡಿ ಹೀಗಿರಲಿಲ್ಲ ಅಂದೆನೇ ಹೊರತು, ನಮ್ಮ ಯಜಮಾನರು ತಪ್ಪು ಮಾಡಿದ್ರು ಅಂತ ಹೇಳಲಿಲ್ಲ."

ಅವಳು ಎದ್ದು ಮಲಗುವ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮೇಸ್ತ್ರಿ ಭೂತಗನ್ನಡಿ ತಂದ. ತಾಮ್ರದ ತಲೆಯನ್ನು ಕಿಟಕಿಗೆ ಹಿಡಿದು ನೋಡಿದ. ಒರೆಸಿ ಮತ್ತೆ ನೋಡಿದ. ಅವಳು ಹೇಳಿದ್ದು ನಿಜವಾಗಿತ್ತು. ಇಪ್ಪತ್ತಾರು ದಿನ ಅಷ್ಟು ಹತ್ತಿರದಿಂದ ನೋಡಿದವನಿಗೆ ಅದು ಕಂಡಿರಲಿಲ್ಲ. ಇಷ್ಟು ದಿನ ಅವಳ ಹೆಸರಿನ ಮೇಲಿದ್ದ ಹೊಟ್ಟೆಕಿಚ್ಚು ಈಗ ಅವಳ ಕಣ್ಣಿನ ಮೇಲೆ ತಿರುಗಿತು. ತನ್ನ ತಪ್ಪನ್ನು ತನಗಿಂತ ಮೊದಲು ನೋಡಿದ ಕಣ್ಣು ಅದು. ಅದನ್ನು ಮುಚ್ಚಿಟ್ಟು, ತನ್ನನ್ನು ಮದುವೆಯಾಗಿ, ಇಷ್ಟು ವರ್ಷ ಎದುರು ಕೂತು ಊಟ ಮಾಡಿದ ಕಣ್ಣು.

ಎರಡು ದಿನ ಅವಳು ಕೆಲಸಕ್ಕೆ ಹೋಗಲಿಲ್ಲ, ಬಿಡ್ತೀನಿ ಎಂದು ಕಂಪನಿಗೆ ಹೇಳಲೂ ಇಲ್ಲ. ಮೂರನೆಯ ದಿನ ಬೆಳಗ್ಗೆ ಎಂಟಕ್ಕೆ ಅವಳು ಟಿಫಿನ್ ಡಬ್ಬಿ ಹಿಡಿದು ಹೊರಟಾಗ ಮೇಸ್ತ್ರಿಯೂ ಚಪ್ಪಲಿ ಮೆಟ್ಟಿಕೊಂಡ. ಬಸ್ಸಿನಲ್ಲಿ ಅವಳು ಮುಂದಿನ ಸೀಟಿನಲ್ಲಿ ಕೂತಳು, ಅವನು ಹಿಂದಿನ ಸೀಟಿನಲ್ಲಿ.

ಹೊಸ ಕಂಪನಿಯೆಂದರೆ ಉದ್ದನೆಯ ಒಂದು ಶೆಡ್ಡು. ಒಂದು ಕಡೆ ಎರಡು ಯಂತ್ರ, ಇನ್ನೊಂದು ಕಡೆ ದೀಪ ಹಾಕಿದ ಮೇಜುಗಳು. ಮೇಸ್ತ್ರಿ ಜೇಬಿನಿಂದ ಕರವಸ್ತ್ರದ ಗಂಟು ತೆಗೆದು ಎಂಜಿನಿಯರ ಮುಂದೆ ಬಿಚ್ಚಿದ. ಅವಳು ಉಸಿರೆಳೆದುಕೊಂಡಳು. ಡಾಕ್ಟರನ್ನು ಕೂಗಿದಳು. ಯಂತ್ರದ ಮುಂದಿದ್ದವರು, ಮೇಜಿನ ಹುಡುಗಿಯರು ಎಲ್ಲ ಸುತ್ತ ಸೇರಿದರು.

"ಗುಜರಿಗೆ ಹೋಯ್ತು ಅಂದಿದ್ರಲ್ಲ ಅಂಕಲ್?"

"ಸುಳ್ಳು ಹೇಳಿದ್ದೆ."

"ಯಾಕೆ?"

"ಹೊಟ್ಟೆಕಿಚ್ಚು."

ಡಾಕ್ಟರು ಹೋ ಎಂದು ನಕ್ಕ. ತಮಾಷೆಯೆಂದುಕೊಂಡು ಉಳಿದವರೂ ನಕ್ಕರು. ಹೆಂಡತಿ ಮಾತ್ರ ನಗದೆ ಕನ್ನಡಕ ಒರೆಸುತ್ತ ನಿಂತಿದ್ದಳು.

ಎಂಜಿನಿಯರು ತಲೆಯನ್ನು ಅಳತೆಯ ಯಂತ್ರದ ಕೆಳಗಿಟ್ಟು ಪರದೆ ನೋಡಿದಳು. "ಎಡಗಣ್ಣು ಆಳ ಇದೆ! ಕೆಳಗೂ ಇದೆ! ಅಮ್ಮ ಹೇಳ್ತಿದ್ದಿದ್ದು ಸರಿ. ನಮ್ಮ ಹುಡುಗ ಕಂಪ್ಯೂಟರಲ್ಲಿ ಎರಡನ್ನೂ ಸಮ ಮಾಡಿಟ್ಟಿದ್ದ, ಆಮೇಲೆ ನಾವು ತಿದ್ದಿದ್ದೆಲ್ಲ ಬರೀ ಅಂದಾಜು. ಅಂಕಲ್, ಆ ನೋಟಕ್ಕೋಸ್ಕರ ಬೇಕಂತಲೇ ಹೀಗೆ ಕೆತ್ತಿದ್ರಾ?"

ಎಲ್ಲರೂ ಅವನತ್ತ ನೋಡಿದರು. ಅಷ್ಟು ಮಂದಿ ಒಟ್ಟಿಗೆ ಅವನ ಕಡೆ ಹಾಗೆ ನೋಡಿ ಎಷ್ಟು ಕಾಲವಾಗಿತ್ತು! 'ಹೌದು' ಎಂಬ ಮಾತು ನಾಲಿಗೆಯ ತುದಿಗೆ ಬಂದು ನಿಂತಿತು. ಒಂದೇ ಮಾತು, ಎಲ್ಲವೂ ತನ್ನದಾಗುತ್ತಿತ್ತು. ಹೆಂಡತಿ ಕನ್ನಡಕ ಹಾಕಿಕೊಂಡು ಕಿಟಕಿಯಾಚೆ ನೋಡುತ್ತಿದ್ದಳು. ಹೌದೆಂದರೂ ಅವಳು ಅಲ್ಲಗಳೆಯುವುದಿಲ್ಲವೆಂದು ಅವನಿಗೆ ಖಂಡಿತ ಗೊತ್ತಿತ್ತು.

"ಇಲ್ಲ" ಎಂದ. "ಅಳತೆ ತಪ್ಪಿತು. ನನಗೆ ಗೊತ್ತಾಗಿದ್ದೇ ಮೊನ್ನೆ. ಅದನ್ನ ಮುಚ್ಚೋಕೆ ಅವಳು ಕಣ್ಣನ್ನ ಹಾಗೆ ಇಟ್ಟಳು."

ಹೇಳಿದ ಮೇಲೆ ಮನಸ್ಸು ಹಗುರಾಗಬಹುದೆಂದು ಕಾದ. ಆಗಲಿಲ್ಲ. ಎಲ್ಲರೂ ಅವಳತ್ತ ತಿರುಗಿ, ಮೊದಲಿಗಿಂತ ಹತ್ತು ಪಾಲು ಬೆರಗಿನಿಂದ ನೋಡತೊಡಗಿದರು. ಒಬ್ಬ ಹುಡುಗಿಯಂತೂ ಅವಳ ಕೈ ಹಿಡಿದುಕೊಂಡಳು. ಯಾಕಾದರೂ ಬಾಯಿ ಬಿಟ್ಟೆನೋ ಎಂದು ಮೇಸ್ತ್ರಿ ಅಲ್ಲೇ ಪರಿತಪಿಸಿದ.

ಆದರೆ ಸಂಜೆ ಬಸ್ಸಿನಲ್ಲಿ ಅವಳು ಅವನ ಪಕ್ಕದಲ್ಲೇ ಬಂದು ಕೂತಳು.

ಹೊಸ ತಲೆ ಹನ್ನೆರಡು ದಿನಕ್ಕೆ ಸಿದ್ಧವಾಯಿತು. ಅವಳು ಮೊದಲನೆಯದಕ್ಕೆ ಕಣ್ಣಿಟ್ಟು ಮೇಜಿನ ಮೇಲೆ ನಿಲ್ಲಿಸಿದಾಗ ಡಾಕ್ಟರು ತನ್ನ ಬೆನ್ನ ಹಿಂದೆ ತಿರುಗಿ ನೋಡಿ, ನಾಚಿ, ನಕ್ಕ. ಮೇಸ್ತ್ರಿಯನ್ನೂ ವಾರಕ್ಕೊಂದು ದಿನ ಬರಹೇಳಿದರು. ಹೊಸ ಗೊಂಬೆಗಳ ಮೊಣಕಾಲು ಬಲು ಬೇಗ ಸಡಿಲವಾಗುತ್ತಿತ್ತು. ಅದಕ್ಕೆ ಏನು ಮಾಡಬೇಕೆಂದು ಅವನಿಗೆ ಗೊತ್ತಿತ್ತು. ಮೂರು ಮಂದಿ ಎಂಜಿನಿಯರುಗಳನ್ನು ನಿಲ್ಲಿಸಿಕೊಂಡು ಎರಡು ಗಂಟೆ ಹೇಳಿದ.

ಗೊಂಬೆಗಳು ಬಿಡುಗಡೆಯಾದ ದಿನ ಅಂಗಡಿಯ ಮುಂದೆ ಬೆಳಗ್ಗೆಯೇ ಸಾಲು ನಿಂತಿತ್ತು. ಹೊಟ್ಟೆ ಬಂದವರು, ತಲೆ ಬೋಳಾದವರು, ಆಸ್ಪತ್ರೆಯ ಸಮವಸ್ತ್ರದಲ್ಲೇ ಬಂದ ನರ್ಸು ಒಬ್ಬಳು. ಎಲ್ಲರ ಕೈಯಲ್ಲೂ ಒಂದೊಂದು ಹಳೆಯ ಗೊಂಬೆ. ಗಂಡ ಹೆಂಡತಿ ಇಬ್ಬರಿಗೂ, ಬಂದವರನ್ನು ಮಾತಾಡಿಸಲೆಂದು, ಪಕ್ಕಪಕ್ಕದಲ್ಲಿ ಎರಡು ಮೇಜು ಹಾಕಿದ್ದರು. ಅವಳ ಮೇಜಿನ ಸಾಲು ಬಾಗಿಲು ದಾಟಿ ಬೀದಿಯ ತಿರುವಿನವರೆಗೆ ಹೋಗಿತ್ತು. ಮೇಸ್ತ್ರಿಯ ಮೇಜಿನ ಮುಂದೆ ಆರು ಜನ. ಅವರಲ್ಲಿ ಇಬ್ಬರು ದಾರಿ ತಪ್ಪಿ ಬಂದವರು.

ಮೂರನೆಯವನು ಬಸ್ ಚಾಲಕ. ಗೊಂಬೆಯ ಕಾಲನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸಿ ತೋರಿಸಿದ. "ನೋಡಿ ಸ್ವಾಮಿ, ನನ್ನ ಮೊಣಕಾಲು ಎರಡೂ ಹೋಗಿವೆ, ಇವನದು ಇನ್ನೂ ಹಾಗೇ ಇದೆ. ಇದನ್ನ ಮಾಡಿದವರ ಕೈ ಮುಟ್ಟಬೇಕು ಅಂತ ಬಂದೆ."

ಮೇಸ್ತ್ರಿ ಅವನನ್ನು ಅರ್ಧ ಗಂಟೆ ಬಿಡಲಿಲ್ಲ. ಮನೆಗೆ ಬರುವಾಗ ಅವನ ಮಾತನ್ನು ಹೆಂಡತಿಗೆ ಮೂರು ಸಲ ಹೇಳಿದ. ಮೂರನೆಯ ಸಲ ಅವಳು, "ಅವನು ನನ್ನ ಸಾಲು ಬಿಟ್ಟು ಸೀದಾ ನಿಮ್ಮ ಹತ್ರಾನೇ ಬಂದಿದ್ದು ನಾನೂ ನೋಡಿದೆ" ಎಂದಳು.

ಮನೆ ಸೇರಿದ ಮೇಲೆ ಪೆಟ್ಟಿಗೆಯೊಂದನ್ನು ಬಿಡಿಸಿದರು. ಗೊಂಬೆಯ ಹಿಂದೆ ಮಡಿಸಿಟ್ಟ ಹಾಳೆಯಲ್ಲಿ, 'ಕಣ್ಣು' ಎಂದು ಅವಳ ಹೆಸರು, ಅದರ ಕೆಳಗೆ 'ಕೆತ್ತನೆ' ಎಂದು ಅವನ ಹೆಸರು. ಮೇಸ್ತ್ರಿ ಬಹಳ ಹೊತ್ತು ನೋಡಿದ. ಆಮೇಲೆ ಹಿತ್ತಲ ಕೋಣೆಯಿಂದ ವರ್ನಿಯರ್ ಕ್ಯಾಲಿಪರ್ ತಂದು, ಕನ್ನಡಕ ಏರಿಸಿ, ಎರಡು ಹೆಸರುಗಳ ಅಕ್ಷರಗಳ ಎತ್ತರ ಅಳೆದ.

"ಎಷ್ಟು ಬಂತು?" ಎಂದಳು ಅವಳು, ಮುಳುಗುಗಾರ್ತಿಯ ತಲೆಗಳನ್ನು ಹಲ್ಲುಕಡ್ಡಿಗೆ ಸಿಕ್ಕಿಸುತ್ತ.

"ಸಮ ಇದೆ" ಎಂದು ಒಪ್ಪಿಕೊಂಡ. ಕ್ಯಾಲಿಪರ್ ಕೆಳಗಿಟ್ಟು, "ಮತ್ತೆ ನಿನ್ನ ಹೆಸರು ಯಾಕೆ ಮೊದಲು?" ಎಂದ.

"ಅಕ್ಷರಮಾಲೇಲಿ ನಂದು ಮೊದಲು ಬರುತ್ತೆ, ಅದಕ್ಕೆ."

ಮೇಸ್ತ್ರಿ ಅಕ್ಷರಗಳನ್ನು ಬಾಯಲ್ಲೇ ಒಂದೊಂದಾಗಿ ಹೇಳಿಕೊಂಡು ನೋಡಿದ. ಅವಳು ಹೇಳಿದ್ದು ಸರಿಯಾಗಿಯೇ ಇತ್ತು.

"ಮುಂದಿನ ಪೆಟ್ಟಿಗೇಲಿ ತಿರುಗಿಸಿ ಹಾಕೋಕೆ ಹೇಳ್ತೀನಿ."

"ಹೇಳಿ ನೋಡಿ" ಎಂದು ಅವಳು ಕುಂಚವನ್ನು ಬಣ್ಣದಲ್ಲಿ ಅದ್ದಿದಳು.